ಕಲ್ಲು ಕೇಳುವ ಚಲುವಮ್ಮ

ಅಂಕಯ್ಯ ಚಲುವಮ್ಮನನ್ನು ಮೊದಲ ಸಲ ನೋಡಿದಾಗ ಆಕೆ ಒಂದು ಕಲ್ಲನ್ನು ನೆಕ್ಕುತ್ತಿದ್ದಳು.

ಯುದ್ಧದ ಕಾಲ. ನಲವತ್ತಮೂರನೇ ಇಸವಿಯ ದೀಪಾವಳಿ ಆಗಷ್ಟೇ ಕಳೆದಿತ್ತು. ಬೆಂಕಿಪೊಟ್ಟಣಕ್ಕೆ ಪರದಾಟ, ಸೀಮೆಎಣ್ಣೆಗೆ ಚೀಟಿ. ಮದ್ದೂರು ಮಳವಳ್ಳಿ ನಡುವಿನ ಬಸ್ಸು ಪೆಟ್ರೋಲು ಕಾಣದೆ ಇದ್ದಿಲ ಹೊಗೆ ಕುಡಿದು, ಏರು ಬಂದಲ್ಲೆಲ್ಲ ಪ್ರಯಾಣಿಕರನ್ನು ಕೆಳಗಿಳಿಸಿ ತಳ್ಳಿಸಿಕೊಂಡು ಓಡುತ್ತಿತ್ತು. ಬಂಗಾಳದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾರೆಂದು ಅಂಕಯ್ಯ ಹಿಂದಿನ ದಿನ ತಾನೇ ಪತ್ರಿಕೆಯಲ್ಲಿ ಓದಿದ್ದ. ಈಗ ರಸ್ತೆ ಬದಿಯ ಹಾಸುಬಂಡೆಯ ಮೇಲೆ ಐವತ್ತರ ಹೆಂಗಸೊಬ್ಬಳು ಕಣ್ಣು ಮುಚ್ಚಿ ಕಲ್ಲಿಗೆ ನಾಲಿಗೆ ಹಚ್ಚಿದ್ದನ್ನು ಕಂಡವನೇ, ಕ್ಷಾಮ ಮಳವಳ್ಳಿ ತಾಲ್ಲೂಕಿಗೂ ಬಂದಿತಲ್ಲ ಎಂದುಕೊಂಡ. ಅವ್ವ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿ, ಎರಡು ರಾಗಿರೊಟ್ಟಿಯನ್ನೂ ಹುಚ್ಚೆಳ್ಳಿನ ಚಟ್ನಿಯನ್ನೂ ಹಾಗೇ ಅವಳ ಮುಂದಿಟ್ಟ. ಏನೂ ಹೇಳಲಿಲ್ಲ. ದಾನ ಮಾಡುವವನು ಮಾತಾಡಬಾರದು ಎಂದು ಎಲ್ಲೋ ಓದಿದ್ದ.

ಆಕೆ ರೊಟ್ಟಿಗೆ ಕೈ ಹಾಕಿದಳು. ಎರಡೂ ರೊಟ್ಟಿ ಮುಗಿಸಿ, ಚಟ್ನಿಯ ಎಲೆಯನ್ನು ಬೆರಳಿನಿಂದ ಬಳಿದು, ನೀರು ಕುಡಿದು, ಆಮೇಲೆ ಆ ಕಲ್ಲಿನ ತುಂಡನ್ನು ಅವನ ಕೈಗಿಟ್ಟಳು.

“ಈಗ ನೀನು ನೆಕ್ಕು.”

ನೆಕ್ಕಿದ. ನಾಲಿಗೆ ಗಪ್ಪನೆ ಅಂಟಿಕೊಂಡಿತು.

“ಅಂಟ್ಕತ್ತಾ? ಅಂಗಂದ್ರೆ ಇದು ನೀರು ಕುಡಿಯೋ ಕಲ್ಲು ಕಣಪ್ಪ. ಮಳೇಲಿ ನೆನ್ದು ಬಿಸ್ಲಲ್ಲಿ ಒಣಗಿ ಎಲ್ಡೇ ವರ್ಸಕ್ಕೆ ಇಟ್ಟಾಯ್ತದೆ. ನೆನ್ನೆ ರಸ್ತೆ ಜಲ್ಲಿಗೆ ಆಯ್ತದೆ ಅಂತ ಒಪ್ಕಂಡ್ಯಲ್ಲ ಒಂದು ಗುಡ್ಡೆ, ಅದ್ರುದೇ ತುಂಡು ಇದು.”

“ಮತ್ತೆ... ನನ್ನ ರೊಟ್ಟಿ?”

“ಸಂದಾಗಿತ್ತು. ಉಪ್ಪು ವಸಿ ಕಮ್ಮಿ.”

ಅಂಕಯ್ಯ ರಸ್ತೆ ಕೆಲಸದ ಮೇಸ್ತ್ರಿ. ಇಪ್ಪತ್ತೆರಡು ವರ್ಷ, ತಿಂಗಳ ಸಂಬಳ, ಮಂಡ್ಯದಲ್ಲಿ ಹೈಸ್ಕೂಲು ಅರ್ಧ ಓದಿದ ಹೆಮ್ಮೆ, ಮತ್ತು ಅದೇ ಸ್ಕೂಲಿನಿಂದ ಹಿಂದಿರುಗಿಸಲು ಮರೆತ ಒಂದು ಶಿಲಾವಿವರಣೆಯ ಪುಸ್ತಕ: ಇಷ್ಟು ಅವನ ಆಸ್ತಿ. ಕಲ್ಲು ಒಪ್ಪುವುದು, ಒಲ್ಲೆನ್ನುವುದು ಅವನ ಕೆಲಸ. ಒಪ್ಪಿದ ಕಲ್ಲಿಗೆ ಕೆಮ್ಮಣ್ಣಿನಲ್ಲಿ ಒಂದು ಗೀಟು ಎಳೆಯಬೇಕು. ಆ ಗೀಟನ್ನು ಅವನು ಬಹಳ ಚೆನ್ನಾಗಿ ಎಳೆಯುತ್ತಿದ್ದ.

ರೊಟ್ಟಿ ಕಳೆದುಕೊಂಡ ಅವಮಾನ ತೀರಿಸಿಕೊಳ್ಳಲು ಮಾರನೆಯ ದಿನ ಪುಸ್ತಕದ ಸಮೇತ ಬಂದ. ಶಿಲೆಗಳು ಮೂರು ಬಗೆ, ಬೆಂಕಿಯಿಂದ ಹುಟ್ಟಿದ್ದು, ನೀರಿನಿಂದ ಹುಟ್ಟಿದ್ದು, ಹುಟ್ಟಿದ ಮೇಲೆ ಬದಲಾದದ್ದು ಎಂದು ಓದಿ ಹೇಳಿ, “ನೀವು ಕೂತಿದ್ದೀರಲ್ಲ, ಈ ಬಂಡೆ ಯಾವುದು ಹೇಳಿ ನೋಡೋಣ” ಎಂದ.

“ಅದು ಎಂಗುಟ್ತೋ ನಂಗೇನ್ಲಾ ಗೊತ್ತು, ನಾನೇನು ಅದ್ರ ಸೂಲಗಿತ್ತೀನಾ?” ಎಂದಳು ಚಲುವಮ್ಮ. “ಏನು ಕೆಲ್ಸ ಮಾಡ್ತದೆ ಅಂತ ಕೇಳು, ಏಳ್ತೀನಿ.”

ಕೇಳಿದರೆ ಆಕೆ ಹೇಳುತ್ತಲೂ ಇದ್ದಳು, ಕೈಯಲ್ಲಿ ಉಳಿ ಆಡುತ್ತಿರುವಾಗಲೇ. ಬೀಸುವ ಕಲ್ಲಿಗೆ ಬೇಕಾದದ್ದು ಬಿಳಿಕಲ್ಲು, ಅದೂ ದಪ್ಪ ಕಣದ್ದು. ಸವೆದಷ್ಟೂ ಒಳಗಿನಿಂದ ಹೊಸ ಹಲ್ಲು ಮೂಡುತ್ತದೆ. ನುಣ್ಣಗೆ ಹೊಳೆಯುವ ಕರಿಕಲ್ಲು ನೋಡಲು ಅಂದ, ರಾಗಿ ಮಾತ್ರ ಅದರ ಮೇಲೆ ಜಾರಿ ಜಾರಿ ಇಡೀ ಕಾಳಾಗಿಯೇ ಈಚೆ ಬರುತ್ತದೆ. ಬಳಪದ ಕಲ್ಲಿನ ಚಟ್ಟಿಯಲ್ಲಿ ಹುಳಿ ಮಾಡಿದರೆ ಒಲೆಯಿಂದ ಇಳಿಸಿದ ಮೇಲೂ ಒಂದು ಗಳಿಗೆ ಕುದಿಯುತ್ತದೆ. ಹಾಗೆಂದು ಅದೇ ಕಲ್ಲಲ್ಲಿ ಒರಳು ಮಾಡಿಸಿದರೆ ಚಟ್ನಿಗಿಂತ ಕಲ್ಲನ್ನೇ ಹೆಚ್ಚು ತಿನ್ನಬೇಕು. ಬೆಂಕಿಪೊಟ್ಟಣ ಸಿಗದ ಆ ವರ್ಷ ಆಕೆಯ ಮಡಿಲಲ್ಲಿ ಸದಾ ಒಂದು ಬೆಣಚುಕಲ್ಲಿನ ಚೂರು, ಒಂದು ಕಬ್ಬಿಣದ ತುಂಡು, ಒಂದಿಷ್ಟು ಬೂರುಗದ ಹತ್ತಿ. ಮೂರು ಸಲ ಕುಟ್ಟಿದರೆ ಕಿಡಿ. ಅಂಕಯ್ಯ ಬೀಡಿ ಹಚ್ಚಲು ಅದೇ ಕಲ್ಲು ಕೇಳಿ ಇಸಕೊಂಡು ಹದಿನೆಂಟು ಸಲ ಕುಟ್ಟಿ, ಹೆಬ್ಬೆರಳು ಜಜ್ಜಿಕೊಂಡು, ಬೀಡಿ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಹಿಂದಿರುಗಿಸಿದ್ದ.

ಹೀಗಿದ್ದರೂ ಸುತ್ತಿನಲ್ಲಿ ಹೆಸರು ಇದ್ದದ್ದು ಚಲುವಮ್ಮನದಲ್ಲ, ಅವಳ ಗಂಡ ದೊಡ್ಡಸಿದ್ದಯ್ಯನದು. ಪೂರಿಗಾಲಿಯಿಂದ ಮದ್ದೂರಿನವರೆಗೆ ಬಾವಿಕಟ್ಟೆಗೋ ಬಾಗಿಲುವಾಡಕ್ಕೋ ಚಪ್ಪಡಿ ಬೇಕೆಂದರೆ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಅವನು ಎಬ್ಬಿಸಿದ ಪ್ರತಿ ಚಪ್ಪಡಿಯ ಅಂಚಿನಲ್ಲೂ ಅವನ ಗುರುತು ಇರುತ್ತಿತ್ತು, ಮೂರು ಚುಕ್ಕಿ, ಒಂದು ಗೀಟು. ಚಲುವಮ್ಮ ಕೊಕ್ಕರೆ ಬೆಳ್ಳೂರಿನ ಕಡೆಯಿಂದ ಮದುವೆಯಾಗಿ ಬಂದವಳು. ಅವಳಪ್ಪ ಮಗಳ ಜೊತೆಗೆ ತಾನೇ ಕಡೆದ ಒಂದು ಬೀಸುವ ಕಲ್ಲನ್ನು ಗಾಡಿಯಲ್ಲಿ ಕಳಿಸಿಕೊಟ್ಟಿದ್ದ. ಮೂವತ್ತು ವರ್ಷ ಗಂಡನ ಜೊತೆ ಬಂಡೆಯ ಮೇಲೆ ದುಡಿದರೂ, ಊರವರ ಮಾತಿನಲ್ಲಿ ಅವಳು “ಸಿದ್ದಯ್ಯನ ಎಡ್ತಿ, ಮನೆಮನೆ ಸವ್ದೋದ ಬೀಸೋ ಕಲ್ಲಿಗೆ ಉಳೀಲಿ ಒಡ್ದು ಮುಳ್ಳು ಆಕ್ತಾಳಲ್ಲ, ಅವ್ಳು.”

ಅಂಕಯ್ಯನಿಗಂತೂ ದೊಡ್ಡಸಿದ್ದಯ್ಯನೆಂದರೆ ಋಷಿ. ಮಾತೇ ಇಲ್ಲ. ಏನು ಕೇಳಿದರೂ ಗಂಭೀರವಾಗಿ ಒಮ್ಮೆ ತಲೆದೂಗುತ್ತಿದ್ದ. ಕಲ್ಲಿನ ವಿಷಯ ಬಂದರೆ ಮಾತ್ರ ಮೊದಲು ಹೆಂಡತಿಯ ಕಡೆ ಒಂದು ನೋಟ, ಆಮೇಲೆ ಹೂಂ ಅಥವಾ ಊಹೂಂ. ಆಕೆ ಸೆರಗನ್ನು ಬಲ ಹೆಗಲಿಗೆ ಎಳೆದುಕೊಳ್ಳುತ್ತಿದ್ದಳು, ಇಲ್ಲವೆ ಹಣೆ ಒರೆಸಿಕೊಳ್ಳುತ್ತಿದ್ದಳು. ಈ ವಯಸ್ಸಿನಲ್ಲೂ ಎಂಥ ಅನುರಾಗ ಎಂದು ಅಂಕಯ್ಯ ಮೆಚ್ಚಿ, ತನ್ನ ಮದುವೆಯ ಮಾತೆತ್ತಿದ ಅವ್ವ ದೇವಿರಮ್ಮನಿಗೆ, “ಆದರೆ ಹಾಗಿರಬೇಕು” ಎಂದು ಹೇಳಿಯೂ ಇದ್ದ.

ಒಂದು ದಿನ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಯೊಂದರ ಎತ್ತು ಬೆದರಿ, ಗಾಡಿ ದೊಡ್ಡಸಿದ್ದಯ್ಯನ ಬೆನ್ನ ಹಿಂದಿನಿಂದ ನುಗ್ಗಿ ಬಂತು. ಗಾಡಿಯವನು ಕಿರುಚಿದ, ಅಂಕಯ್ಯ ಕಿರುಚಿದ. ಋಷಿ ಅಲುಗಲಿಲ್ಲ. ಚಲುವಮ್ಮ ಓಡಿಬಂದು ಅವನ ರಟ್ಟೆ ಹಿಡಿದು ಎಳೆದು ಕೆಡವಿದಳು. ಬಿದ್ದವನು ಎದ್ದು ಕೂತು ಗಂಭೀರವಾಗಿ ತಲೆದೂಗಿದ.

ಅಂಕಯ್ಯನಿಗೆ ಆಗ ಅರ್ಥವಾಯಿತು. ಎರಡು ತಿಂಗಳು ತಾನು ಕೇಳಿದ ಪ್ರಶ್ನೆ, ಹೇಳಿದ ಕಷ್ಟಸುಖ, ಓದಿದ ಪುಸ್ತಕ ಯಾವುದೊಂದೂ ಆ ಕಿವಿಗೆ ಬಿದ್ದಿರಲೇ ಇಲ್ಲ.

“ಕಂಡ್ಯಲ್ಲ,” ಎಂದಳು ಚಲುವಮ್ಮ ಏದುಸಿರು ಬಿಡುತ್ತ. “ಅಲ್ಲಿ ಗುಡ್ಡದಲ್ಲಿ ಮದ್ದು ಆರುಸ್ದಾಗ ಅತ್ರ ಇದ್ದ. ಮೂರು ವರ್ಸ ಆಯ್ತು. ಈಗ ಯಾರ ಮುಂದಾದ್ರೂ ಬಾಯಿ ಬುಟ್ಟೀಯ.”

ಬಾಯಿ ಬಿಡಬೇಕಾದವನೇ ಅವನು, ನಿಜ. ಬಂಡೆಯ ಕೆಲಸಕ್ಕೆ ಒಂದು ಕಟ್ಟಳೆಯಿತ್ತು: ಮದ್ದು ಹಾರಿಸುವ ಮುಂಚೆ ಕೂಗುವ ಕೂಗು ಕೇಳದವನನ್ನು ಬಂಡೆಯ ಮೇಲೆ ಹತ್ತಿಸುವಂತಿಲ್ಲ. ಅದನ್ನು ಎಲ್ಲರನ್ನೂ ಸಾಲಾಗಿ ಕೂರಿಸಿ ಗಟ್ಟಿಯಾಗಿ ಓದಿ ಹೇಳಿದವನು ಅಂಕಯ್ಯನೇ. ಎಲ್ಲರಿಗಿಂತ ಮೊದಲು ತಲೆದೂಗಿ ಒಪ್ಪಿಕೊಂಡವನು ದೊಡ್ಡಸಿದ್ದಯ್ಯ.

“ಬಂಡೆಯಿಂದ ಇಳುಸ್ಬುಟ್ರೆ ಅವ್ನು ಬದುಕಾಕಿಲ್ಲ ಕಣಪ್ಪ. ಉಣ್ಣಾಕಲ್ಲ ನಾನೇಳ್ತಿರಾದು, ಮುಳ್ಳು ಆಕಿ ನಾನು ಉಣ್ಣುಸ್ತೀನಿ. ಸುತ್ಗೆ ಇಡೀದೆ ಕುಂತ್ಕಂಡ್ರೆ ಅವ್ನು ಒಂದು ತಿಂಗ್ಳೂ ಇರಾಕಿಲ್ಲ.”

ಅಂಕಯ್ಯ ಬಾಯಿ ಮುಚ್ಚಿಕೊಂಡ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯಲ್ಲಿ ಅವನು ಒಳ್ಳೆಯವನಾಗಿಯೇ ಉಳಿಯುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಕಾಲುವೆಯ ಮೇಲಿನ ಮೋರಿಗೆ ಎಂಟು ಚಪ್ಪಡಿ ಬೇಕಾದವು. ಆ ಸೀಮೆಯಲ್ಲಿ ಮದ್ದೇನಿದ್ದರೂ ಜಲ್ಲಿಗೆ; ಚಪ್ಪಡಿಯನ್ನು ಮದ್ದಿಟ್ಟು ಒಡೆಯುವುದಿಲ್ಲ, ಬೆಂಕಿಯಿಟ್ಟು ಎಬ್ಬಿಸುತ್ತಾರೆ. ಹಾಸುಬಂಡೆಯ ಮೇಲೆ ಸೌದೆ ಒಟ್ಟಿ ಉರಿಸಿದರೆ ಮೇಲಿನ ಪದರ ಕಾದು ಉಬ್ಬಿ ತಳದಿಂದ ಬಿಡುತ್ತದೆ. ಎಲ್ಲಿಯವರೆಗೆ ಬಿಟ್ಟಿತು ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಬಿಡದ ಬಂಡೆ ಠಣ್ ಎನ್ನುತ್ತದೆ, ಬಿಟ್ಟದ್ದು ಡೊಳ್ ಎನ್ನುತ್ತದೆ. ಡೊಳ್ ಎಂದ ಕೂಡಲೇ ಬೆಂಕಿಯನ್ನು ಮುಂದಕ್ಕೆ ಸರಿಸಬೇಕು. ತಡಮಾಡಿದರೆ ಕಲ್ಲಿನ ಒಳಗೆ ಕೂದಲೆಳೆಯ ಬಿರುಕು ಬಂದು ಕಲ್ಲು ಸಾಯುತ್ತದೆ. ಮೂರು ವರ್ಷದಿಂದ ತಟ್ಟಿ ಕೇಳುತ್ತಿದ್ದವಳು ಚಲುವಮ್ಮ. ಸೆರಗು ಬಲ ಹೆಗಲಿಗೆ ಬಂದರೆ ಗಂಡ ಬೆಂಕಿ ಸರಿಸುತ್ತಿದ್ದ.

ಆರು ಚಪ್ಪಡಿ ಎದ್ದ ಮೇಲೆ ಚಲುವಮ್ಮನಿಗೆ ಚಳಿಜ್ವರ ಬಂತು. ಕೆಲಸ ಪರೀಕ್ಷಿಸಲು ಓವರ್ಸಿಯರು ನಾಲ್ಕು ದಿನದಲ್ಲಿ ಬರುವವರಿದ್ದರು. ಗುಡಿಸಲಿನಲ್ಲಿ ಎರಡು ಕಂಬಳಿ ಹೊದ್ದು ನಡುಗುತ್ತಿದ್ದ ಅವಳ ಹತ್ತಿರ ಹೋಗಿ ಅಂಕಯ್ಯ, “ನೀವು ಮಲಗಿ ಅಮ್ಮ. ಉಳಿದೆರಡನ್ನು ನಾನು ಕೇಳ್ತೀನಿ” ಎಂದ.

“ನೀನಾ?” ಎಂದಳು ಆಕೆ. ಜ್ವರದಲ್ಲೂ ನಗು ಬಂತು. “ತಟ್ಬುಟ್ಟು ಕೇಳು. ಕೇಳ್ಬುಟ್ಟು ತಟ್ಬ್ಯಾಡ.”

ಎರಡು ದಿನ ಅಂಕಯ್ಯ ಹೆಗಲಿಗೊಂದು ವಲ್ಲಿ ಹಾಕಿಕೊಂಡು ಬಂಡೆಯ ಮೇಲೆ ಓಡಾಡಿದ. ಸಂಜ್ಞೆಗೆ ಸೆರಗು ಇಲ್ಲವಲ್ಲ, ವಲ್ಲಿಯನ್ನೇ ಬಲ ಹೆಗಲಿಗೆ ಎಳೆದುಕೊಳ್ಳುವುದೆಂದು ನಿಶ್ಚಯಿಸಿದ್ದ. ಆದರೆ ಅವನ ತಲೆಯಲ್ಲಿ ಪುಸ್ತಕದ ಒಂದು ಸಾಲು ಕೂತಿತ್ತು: ಉತ್ತಮ ಶಿಲೆಯು ಘಂಟಾನಾದವುಳ್ಳದ್ದು. ತಟ್ಟಿದ, ಡೊಳ್ ಎಂದಿತು. ಇನ್ನೂ ಉತ್ತಮವಾಗಿಲ್ಲ ಎಂದುಕೊಂಡು ಕಾದ. ಮತ್ತೆ ತಟ್ಟಿದ, ಮತ್ತೆ ಡೊಳ್. ಘಂಟಾನಾದ ಬರಲಿ ಎಂದು ಇನ್ನೆರಡು ಹೊರೆ ಸೌದೆ ಹಾಕಿಸಿದ. ದೊಡ್ಡಸಿದ್ದಯ್ಯ ಕೈಯಾಡಿಸಿ ಏನೋ ಹೇಳಲು ನೋಡಿದ; ಅಂಕಯ್ಯ ಅವನಂತೆಯೇ ಗಂಭೀರವಾಗಿ ತಲೆದೂಗಿದ. ಕೊನೆಗೆ ಎದ್ದ ಎರಡು ಚಪ್ಪಡಿಗಳನ್ನು ಮಣ್ಣಿನ ಮೇಲೆ ಮಲಗಿಸಿ ತಟ್ಟಿದಾಗ ಅವೂ ಮಂಕಾಗಿಯೇ ನುಡಿದವು. ಪಕ್ಕದಲ್ಲೇ ಮಲಗಿದ್ದ ಹಳೆಯ ಆರೂ ಹಾಗೇ ನುಡಿದವು. ಅವು ಒಳ್ಳೆಯವಾದರೆ ಇವೂ ಒಳ್ಳೆಯವೇ ತಾನೆ? ಎಂಟಕ್ಕೂ ಕೆಮ್ಮಣ್ಣಿನ ಗೀಟು ಎಳೆದ. ಗೀಟು ಬಹಳ ಚೆನ್ನಾಗಿ ಬಂತು.

ಓವರ್ಸಿಯರು ಬಂದ ಬೆಳಿಗ್ಗೆ ಚಲುವಮ್ಮ ಕಂಬಳಿ ಸುತ್ತಿಕೊಂಡೇ ಮೋರಿಯ ಹತ್ತಿರ ಬಂದಳು. ಆಗ ತಾನೇ ಆಳುಗಳು ಕೊನೆಯ ಎರಡು ಚಪ್ಪಡಿಗಳ ಕೆಳಗೆ ಗುಂಡುಕಲ್ಲು ಕೊಟ್ಟು ಎತ್ತಿಟ್ಟಿದ್ದರು. ಆಕೆ ಒಂದನ್ನು ತಟ್ಟಿದಳು. ಇನ್ನೊಂದನ್ನು ತಟ್ಟಿದಳು. ಎರಡೂ ಮಂಕಾಗಿಯೇ ನುಡಿದವು. ಅಂಕಯ್ಯನ ಮುಖ ನೋಡಿದಳು.

“ಮಣ್ಣಿನ ಮ್ಯಾಲೆ ಮಲಗ್ಸಿ ಕೇಳ್ದ್ಯಾ?” ಎಂದಳು ಮೆಲ್ಲಗೆ.

ಅಂಕಯ್ಯ ತಲೆದೂಗಿದ. ತಲೆದೂಗುವುದನ್ನಾದರೂ ಅವನು ಚೆನ್ನಾಗಿ ಕಲಿತಿದ್ದ.

“ಮಣ್ಣು ಸಬ್ದ ನುಂಗ್ತದೆ ಕಣ್ಲಾ. ಎತ್ತಿಟ್ಟು ಕೇಳ್ಬೇಕು, ಸಂದಾಗಿರೋ ಕಲ್ಲು ಆಗ ಠಣ್ ಅಂತದೆ, ಬಿರುಕು ಬುಟ್ಟಿದ್ದು ಅನ್ನಾಕಿಲ್ಲ.”

ಆಕೆ ಸುಮ್ಮನಿದ್ದಿದ್ದರೆ ಅಂದಿಗೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅಂಕಯ್ಯ ಮನಸ್ಸಿನಲ್ಲೇ ಸುಮ್ಮನಿರಲಿ ಎಂದು ಬೇಡಿಕೊಂಡ, ತನ್ನ ಸಂಬಳಕ್ಕಾಗಿ ಅರ್ಧ, ದೊಡ್ಡಸಿದ್ದಯ್ಯನಿಗಾಗಿ ಅರ್ಧ. ಮೊದಲಿನ ಅರ್ಧ ಸ್ವಲ್ಪ ದೊಡ್ಡದು. ಚಲುವಮ್ಮ ಚಪ್ಪಡಿಯ ಅಂಚಿನಲ್ಲಿದ್ದ ಮೂರು ಚುಕ್ಕಿ, ಒಂದು ಗೀಟನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಕಾಲುವೆಗಿಳಿದು ಬಿಂದಿಗೆ ತುಂಬ ನೀರು ತಂದು ಎರಡೂ ಚಪ್ಪಡಿಗಳ ಮೇಲೆ ಸುರಿದಳು.

“ಇದೇನಮ್ಮ, ಕಲ್ಲಿಗೆ ಎಣ್ಣೆಸ್ನಾನವೋ?” ಎಂದರು ಓವರ್ಸಿಯರು.

“ವಸಿ ತಡೀರಿ ಬುದ್ದಿ. ಒಣುಗ್ಲಿ.”

ಬಿಸಿಲು ಚುರುಕಾಗಿತ್ತು. ಚಪ್ಪಡಿ ಒಣಗುತ್ತಾ ಬಂತು, ಬೂದು ಬಣ್ಣಕ್ಕೆ ತಿರುಗಿತು. ಒಂದರಲ್ಲಿ ನಡುಮಧ್ಯೆ, ಇನ್ನೊಂದರಲ್ಲಿ ಮೂಲೆಯಿಂದ ಮೂಲೆಗೆ, ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಒದ್ದೆಯಾಗಿಯೇ ಉಳಿಯಿತು. ಬಿರುಕು ಕುಡಿದ ನೀರು ಅಷ್ಟು ಬೇಗ ಆರುವುದಿಲ್ಲ.

ಓವರ್ಸಿಯರು ಬಗ್ಗಿ ನೋಡಿ, ಅಂಚಿನ ಗುರುತು ಕಂಡು, ನೆಟ್ಟಗಾದರು. “ದೊಡ್ಡಸಿದ್ದಯ್ಯ! ಇದು ನಿನ್ನ ಗುರುತೇ ತಾನೆ?”

ದೊಡ್ಡಸಿದ್ದಯ್ಯ ಗಂಭೀರವಾಗಿ ತಲೆದೂಗಿದ.

“ಬಿರುಕು ಬಿಟ್ಟಿದೆ ಅಂತ ಗೊತ್ತಿತ್ತೋ?”

ತಲೆದೂಗಿದ.

“ಗೊತ್ತಿದ್ದೂ ಕೊಟ್ಟೆಯಾ? ನಾಳೆ ಗಾಡಿ ಎತ್ತು ಸಮೇತ ಕಾಲುವೆಗೆ ಬಿದ್ದರೆ? ಮೋಸ ಮಾಡೋಕೆ ನಾಚಿಕೆ ಆಗಲ್ವಾ?”

ಸಾಹೇಬರು ತನ್ನ ಕಲ್ಲನ್ನೇ ಹೊಗಳುತ್ತಿದ್ದಾರೆ ಎನ್ನುವಂತೆ ದೊಡ್ಡಸಿದ್ದಯ್ಯ ಸಣ್ಣಗೆ ನಕ್ಕು, ಮತ್ತೊಮ್ಮೆ ತಲೆದೂಗಿದ.

ಅಂಕಯ್ಯ ಬಾಯಿ ತೆರೆದ. ಹೇಳಬೇಕಾದ ಮಾತು ಗೊತ್ತಿತ್ತು. ಆದರೆ ನಾಲಿಗೆ ಅಂದು ಆ ನೀರು ಕುಡಿಯುವ ಕಲ್ಲಿಗೆ ಅಂಟಿಕೊಂಡಂತೆ ಅಂಗುಳಿಗೆ ಅಂಟಿಕೊಂಡಿತ್ತು. “ಸಾರ್,” ಎಂದ. ಅಷ್ಟೇ ಬಂತು.

ಓವರ್ಸಿಯರು ಅವನನ್ನೊಮ್ಮೆ, ನಗುತ್ತಿದ್ದ ದೊಡ್ಡಸಿದ್ದಯ್ಯನನ್ನೊಮ್ಮೆ ನೋಡಿದರು. ಅವರಿಗೆ ಏನೋ ಹೊಳೆದಿರಬೇಕು. ದನಿ ತಗ್ಗಿಸಿ ಚಲುವಮ್ಮನ ಕಡೆ ತಿರುಗಿದರು.

“ನಿಜ ಹೇಳಮ್ಮ. ನಿನ್ನ ಗಂಡನಿಗೆ ಕಿವಿ ಕೇಳಿಸುತ್ತೋ ಇಲ್ಲವೋ?”

ಚಲುವಮ್ಮ ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಳು.

“ಅವ್ನಿಗೆ ಕೇಳಾಕಿಲ್ಲ. ನಿನ್ ಮೇಸ್ತ್ರಿಗೆ ಕೇಳ್ತದೆ, ತಿಳಿಯಾಕಿಲ್ಲ. ಮೂರು ವರ್ಸದಿಂದ ಕಲ್ಲು ಕೇಳ್ತಿರೋಳು ನಾನು. ನಾನು ಕೇಳಿದ್ದು ಆರವೆ, ತಟ್ ನೋಡು; ಈವಯ್ಯ ಕೇಳಿದ್ದು ಎಲ್ಡು, ಅವ್ಕೆ ನನ್ ಗಂಡನ್ ಗುರುತು ಬ್ಯಾಡ, ಕೆತ್ತಿ ಆಕ್ತೀನಿ. ಇನ್ ಬಂಡೆ ಮ್ಯಾಲಿಂದ ಯಾವ ಕಿವುಡನ್ನ ಇಳುಸ್ಬೇಕೋ ನೀನೇ ನೋಡ್ಕೋ.”