ಕೆಳಗಿನೋರಿಗೆ ಹೇಳಿದ್ಯಾ?

ಮೇಲಿನ ಟ್ಯಾಂಕು ತೊಳೆಯಲು ಹೋಗಿ ನಾನೊಂದು ಎಡವಟ್ಟು ಮಾಡಿದೆ. ಶ್ರೀಗಂಧದ ಕಾವಲಿನ ನಮ್ಮ ಮನೆಯ ತಾರಸಿ ಹತ್ತಿ, ಟ್ಯಾಂಕಿನ ತಳದ ವಾಲ್ವ್ ತಿರುಗಿಸಿದೆ. ಕೆಸರುನೀರು ಭೋರೆಂದು ಪೈಪಿನಲ್ಲಿಳಿದು, ಕೆಳಗಡೆ ಬಾಡಿಗೆಗಿರುವ ಬಾಗಲಕೋಟೆ ಕಡೆಯ ಹೆಂಗಸು ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಹರಿಯಿತು. ಆಕೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ, ನನ್ನ ಬಾಯಿ ಅಂಥದ್ದು. ಸಂಡಿಗೆ ಹಾಕಿದ್ದ ಹಳೇ ಸೀರೆಯನ್ನು ಹಿಂಡುತ್ತಾ, "ಒಂದ್ ಮಾತ್ ಹೇಳಿದ್ರ ತಗೀತಿದ್ದೆ ನೋಡ್ರಿ ಅಕ್ಕಾರ" ಅಂದರು ಅಷ್ಟೇ.

ಒಳಗೆ ಬಂದರೆ ಅಪ್ಪ ಹಾಸಿಗೆಯಿಂದಲೇ ಕೇಳಿದ, "ನೀರ್ ಬಿಟ್ಯಾ? ಕೆಳಗಿನೋರಿಗೆ ಹೇಳಿದ್ಯಾ?"

"ಹೇಳ್ದೆ ಅಪ್ಪ" ಅಂದೆ. ಹಸೀ ಸುಳ್ಳು. ಆ ಸುಳ್ಳನ್ನು ನಾನು ಹೇಳಿದ್ದು ಅದೇ ಮೊದಲಲ್ಲ.

ಅಪ್ಪ ಕೆಂಗೇರಿ ಹತ್ತಿರದ ಒಂದು ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸವಾಗಿತ್ತು. ಈಗ ಆ ಕೆರೆಯಲ್ಲಿ ನೊರೆ, ಗದ್ದೆಯಲ್ಲಿ ಸೈಟು. ಅಪ್ಪನಿಗೆ ಎಲ್ಲ ಮರೆತಿದೆ, ಕೆಲವು ದಿನ ನನ್ನ ಹೆಸರೂ. ತೂಬಿನ ಕ್ರಮ ಒಂದು ಮರೆತಿಲ್ಲ. ನೀರು ಬಿಡುವ ಮುಂಚೆ ಕಾಲುವೆಯುದ್ದಕ್ಕೂ ನಡೆದು, ಕೊನೇ ಗದ್ದೆ ತನಕ ಹೋಗಿ ಹೇಳಿ ಬರಬೇಕು. ಬಟ್ಟೆ ಒಗೆಯುವವರಿರುತ್ತಾರೆ, ದನ ತೊಳೆಯುವವರಿರುತ್ತಾರೆ. ಕೆಳಗಿನ ಊರಿಗೂ ನಮ್ಮೂರಿಗೂ ಜಗಳ ಹತ್ತಿ ಮಾತು ಬಿಟ್ಟ ವರ್ಷವೂ ಅಪ್ಪ ಹೋಗಿ ಹೇಳಿ ಬರುತ್ತಿದ್ದ. ಊರ ಗೌಡರು ಗದರಿಸಿದ್ದಕ್ಕೆ, "ಜಗಳ ನಿಮ್ದು ಬುದ್ಧಿ, ತೂಬು ನಂದು" ಅಂದಿದ್ದನಂತೆ.

ನಾನು ಓದಿ ಎಂಜಿನಿಯರ್ ಆದಾಗ, "ನೀನೂ ನೀರುಗಂಟಿನೇ ಬಿಡು, ಕೆರೆ ದೊಡ್ದು ಅಷ್ಟೆ" ಎಂದು ರೇಗಿಸಿದ್ದ. ನನ್ನನ್ನು ಹಾಕಿದ್ದು ದೂರದ ಉತ್ತರಕ್ಕೆ, ಗಡಿ ದಾಟಿ ಬೇರೆ ದೇಶಕ್ಕೆ ಹರಿಯುವ ನದಿಯೊಂದರ ಅಣೆಕಟ್ಟೆಗೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ನಮ್ಮ ನೀರಿನ ಮಟ್ಟವನ್ನು ಆಚೆ ದೇಶದ ಅಳತೆಗಾರರೊಬ್ಬರಿಗೆ ಫೋನಿನಲ್ಲಿ ಹೇಳಬೇಕಿತ್ತು. ಅವರು ತಮ್ಮ ಕಡೆಯ ದಂಡೆಯಲ್ಲಿಳಿದು, ನೀರಲ್ಲಿ ನೆಟ್ಟ ಅಳತೆಕಂಬ ನೋಡಿ, ತಮ್ಮ ಮಟ್ಟ ಹೇಳುತ್ತಿದ್ದರು. ಆರು ಮಳೆಗಾಲ ಹೀಗೇ ಕಳೆಯಿತು. ಅವರ ಮುಖ ನಾನು ನೋಡಿಲ್ಲ. ಇಬ್ಬರದೂ ಮುರುಕು ಹಿಂದಿ. ನನ್ನಿಂದ ಎರಡೇ ಪದ ಕನ್ನಡ ಕಲಿತು, ಬೆಳಿಗ್ಗೆ ಎಂಟಕ್ಕೇ "ದೀದಿ, ಊಟ ಆಯ್ತಾ" ಅನ್ನುತ್ತಿದ್ದರು. ಇನ್ನೂ ತಿಂಡಿಯೇ ಆಗಿಲ್ಲವಲ್ಲ ಎಂದು ನಾನು ನಗುತ್ತಿದ್ದೆ.

ಏಳನೇ ಮಳೆಗಾಲಕ್ಕೆ ಎರಡು ದೇಶಗಳೂ ಮುಖ ತಿರುಗಿಸಿಕೊಂಡವು. ಮುಂದಿನ ಆದೇಶದವರೆಗೆ ಯಾವ ಮಾಹಿತಿಯೂ ಆಚೆ ಹೋಗಕೂಡದು ಎಂದು ಸುತ್ತೋಲೆ ಬಂತು. ಎಂಟಕ್ಕೆ ಫೋನು ಹೊಡೆದುಕೊಳ್ಳುತ್ತಿತ್ತು, ನಾನು ಎತ್ತುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಅವರೂ ಮಾಡುವುದನ್ನು ಬಿಟ್ಟರು.

ಒಂದು ಮಧ್ಯಾಹ್ನ ಬೆಟ್ಟದ ಮಳೆಗೆ ಜಲಾಶಯ ತುಂಬಿಬಿಟ್ಟಿತು. ಗೇಟು ಎತ್ತದೆ ಗತ್ಯಂತರವಿಲ್ಲ. ಕೆಳಗಿನವರಿಗೆ ತಿಳಿಸಲು ಅನುಮತಿ ಕೊಡಿ ಎಂದು ಮೇಲಿನವರನ್ನು ಕೇಳಿದೆ. ಕಾಯಿರಿ ಅಂದರು. ನಾಲ್ಕಕ್ಕೆ ಆಚೆಯ ಅಳತೆಗಾರರು ಮತ್ತೊಮ್ಮೆ ಅಳತೆಕಂಬದ ಹತ್ತಿರ ಇಳಿಯುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಂಬರು ಬಾಯಿಪಾಠವಾಗಿತ್ತು, ಫೋನು ಮೇಜಿನ ಮೇಲೇ ಇತ್ತು. ಕೆಲಸ ಹೋದೀತು ಎಂಬ ಭಯಕ್ಕೆ ಕೈ ಕಟ್ಟಿ ಕೂತೆ. ಗೇಟು ಎತ್ತುವ ಕಾಗದಕ್ಕೆ ಮಾತ್ರ ಸಹಿ ಹಾಕಿದೆ. ಅನುಮತಿ ಬಂದಿದ್ದು ಆರು ಗಂಟೆಗೆ. ಫೋನು ಮಾಡಿದರೆ ಯಾವುದೋ ಬೇರೆ ದನಿ, ಅವರನ್ನು ಹುಡುಕುತ್ತಿದ್ದೇವೆ ಅಂದಿತು. ಮೂರು ದಿನವಾದ ಮೇಲೆ ಹೆಣ ಸಿಕ್ಕಿತಂತೆ.

ಆಮೇಲೆ ಎರಡೂ ಕಡೆಯವರು ಒಪ್ಪಂದ ತಿದ್ದಲು ಕೂತರು. ನನ್ನನ್ನೂ ಕರೆದರು. ನಮ್ಮ ಕಚೇರಿ ಕನ್ನಡದಲ್ಲಿ ಹೇಳುವುದಾದರೆ, ಗೇಟು ಎತ್ತುವ ಮುನ್ನ ಕೆಳಗಿನವರಿಗೆ 'ತಿಳಿಸತಕ್ಕದ್ದು' ಎಂದು ಬರೆಯಬೇಕೋ, 'ತಿಳಿಸಬಹುದು' ಎಂದೋ ಅನ್ನುವುದೇ ಜಗಳ. ಆಚೆಯವರು ತಕ್ಕದ್ದು ಅಂದರು, ನಮ್ಮವರು ಬಹುದು ಅಂದರು. ಎರಡು ದಿನ ಟೀ ಕುಡಿದದ್ದೇ ಬಂತು. ಕೊನೆಗೆ ನಾನು ಎದ್ದು ನಿಂತು ಅಳತೆಗಾರರ ವಿಷಯ ಹೇಳಿದೆ. ಗೇಟಿನ ಹತ್ತಿರ ಇರುವವರು ರಾಜಧಾನಿಯ ಅಪ್ಪಣೆಗೆ ಕಾಯದೆ ನೇರವಾಗಿ ತಿಳಿಸಬೇಕು, ಮಾತು ಬಿಟ್ಟ ವರ್ಷವೂ ತಿಳಿಸಬೇಕು, ಹಾಗಂತ ಬರೆಯಿರಿ ಅಂದೆ. 'ತಕ್ಕದ್ದು' ಉಳಿಯಿತು. ಎಲ್ಲರೂ ನನ್ನ ಕೈ ಕುಲುಕಿದರು. ಥೂ ನನ್ನ ಜನ್ಮಕ್ಕೆ ಅನ್ನಿಸಿತು. ಅಪ್ಪನಿಗೆ ಆ ಪದವನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಆ ವರ್ಷ ರಜೆಗೆ ಬಂದಾಗ, ನೆರೆ ಬಂದ ಸುದ್ದಿ ಕೇಳಿದ್ದ ಅಪ್ಪ ಮೊದಲು ಕೇಳಿದ್ದೇ, ಕೆಳಗಿನೋರಿಗೆ ಹೇಳಿದ್ಯಾ ಎಂದು. ಹೇಳ್ದೆ ಅಂದಿದ್ದೆ. ಅವನ ಮುಖ ಅರಳಿತ್ತು. ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಸಂಡಿಗೆ ಹಾಳಾದ ಮಾರನೇ ಬೆಳಿಗ್ಗೆ ಮೋಟರ್ ಹಾಕಿದೆ. ಸದ್ದಿಗೆ ಅಪ್ಪ ಎದ್ದು ಕೂತು ಅದನ್ನೇ ಕೇಳಿದ. ನನಗೆ ಸಾಕಾಗಿತ್ತು.

"ಇಲ್ಲ ಅಪ್ಪ. ಹೇಳ್ಲಿಲ್ಲ. ಅವತ್ತೂ ಹೇಳಿರ್ಲಿಲ್ಲ. ಒಬ್ರು ಹೋಗ್ಬಿಟ್ರು."

ಅಪ್ಪ ನನ್ನನ್ನೇ ನೋಡಿದ. ಎಷ್ಟು ತಿಳಿಯಿತೋ ಗೊತ್ತಾಗಲಿಲ್ಲ. ಗೋಡೆಗೊರಗಿಸಿದ್ದ ಕೋಲಿಗೆ ಕೈಚಾಚಿದ. "ತೂಬು ಮುಟ್ಬೇಡ ಕಣಮ್ಮ. ನಾನೋಗಿ ಹೇಳ್ಬಿಟ್ ಬತ್ತೀನಿ" ಅಂದ.

ಮೋಟರ್ ಆರಿಸಿ, ಚಪ್ಪಲಿ ಹಾಕಿ, ತೋಳು ಹಿಡಿದು ಮೆಟ್ಟಿಲು ಇಳಿಸಿದೆ. ಅರ್ಧಕ್ಕೆ ನಿಂತು ಸುಧಾರಿಸಿಕೊಂಡ. ಕೆಳಮನೆಯ ಹೆಂಗಸು ಬಾಗಿಲಲ್ಲೇ ಇದ್ದರು. ಅಪ್ಪ ಅಲ್ಲಿಂದಲೇ ಕೂಗಿದ, "ನೀರ್ ಬಿಡ್ತಾವ್ರೆ ಕಣವ್ವ. ಮೇಲಕ್ ಬಂದ್ಬುಡು."

ಆಕೆ ನನ್ನ ಮುಖ ನೋಡಿದರು. "ಬಂದೆ ನೋಡ್ರಿ ಅಜ್ಜಾರ" ಎನ್ನುತ್ತಾ ಮೆಟ್ಟಿಲು ಹತ್ತಿ ನಮ್ಮ ಪಕ್ಕಕ್ಕೆ ಬಂದು ನಿಂತರು.

ಅಪ್ಪ ಅಂಗಳವನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದ, ಇನ್ನು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, "ಈಗ ಎತ್ತು" ಅಂದ.