ಎಷ್ಟು ಒಗೆತಕ್ಕೆ ಈ ಕೌದಿ?

ಕೌದಿಗೆ ಎಷ್ಟು ಹೊಲಿಗೆ ಹಾಕಲಿ ಎಂದು ನಮ್ಮಕ್ಕ ಕೇಳಿದಳು. ಗೊತ್ತಿದ್ದೂ ನಾನು ತಪ್ಪು ಉತ್ತರ ಕೊಟ್ಟೆ.

ಗಂಡಸಿಗೇಕಪ್ಪಾ ಕೌದಿಯ ಉಸಾಬರಿ ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಭಾವ ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದರು. ಇಪ್ಪತ್ತೆರಡು ವರ್ಷ ತೋಟ ಸುತ್ತಿದ ಕಾಲು ಈ ಮಾಗಿಯಲ್ಲಿ ಬಾತುಕೊಂಡು ಕೂತುಬಿಟ್ಟಿತು. ಮಲಗಿದರೆ ಉಸಿರು ಕಟ್ಟುತ್ತದೆ. ಹಗಲೆಲ್ಲ ಈಸಿಚೇರಿನಲ್ಲಿ ಒರಗಿಯೇ ಇರಬೇಕು. ಮೊಣಕಾಲು ಮಂಜಿನಂತೆ ತಣ್ಣಗೆ. ಕಂಬಳಿ ಹೊದಿಸಿದರೆ ‘ಭಾರ, ಭಾರ’ ಎಂದು ತಳ್ಳುತ್ತಿದ್ದರು.

ಮಡಿಲ ಮೇಲೆ ಹಾಸುವಷ್ಟು ಒಂದು ಪುಟ್ಟ ಕೌದಿ ಮಾಡೋಣ ಎಂದಳು ಅಕ್ಕ. (ಯುದ್ಧದ ದೆಸೆಯಿಂದ ಬಟ್ಟೆಗೆಲ್ಲ ಕಂಟ್ರೋಲ್ ಬಂದಿದೆ, ನಿಜ. ಟ್ರಂಕಿನಲ್ಲಿರುವ ಹಳೇ ಸೀರೆಗೆ ಇನ್ನೂ ಬಂದಿಲ್ಲ, ಪುಣ್ಯ.) ಮೇಲಕ್ಕೆ ಅವಳ ಸೀರೆಯ ತುಂಡುಗಳು, ಒಳಗೆ ಭಾವನ ಸವೆದ ಪಂಚೆ ನಾಲ್ಕು ಪದರ. ಕೂಲಿ ಲೈನಿನಿಂದ ನಿಂಗಮ್ಮ ಬಂದಳು. ಕಾಫಿ ಕೊಯ್ಯುವ ಕೈ, ಕೌದಿಗೂ ಅಷ್ಟೇ ಚುರುಕು.

ನಿಂಗಮ್ಮ ಬಟ್ಟೆಯ ಮೇಲೆ ಬೆರಳಿಟ್ಟು ಅಳತೆ ತೋರಿಸಿದಳು. “ಸಾಲಿಂದ ಸಾಲಿಗೆ ಒಂದು ಬೆರಳು ಬಿಟ್ರೆ ಕಲ್ಲಿಗೆ ಬಡಿದ್ರೂ ಜಗ್ಗಲ್ಲ. ಆದ್ರೆ ಹಲಗೆ ಆಗ್ತದೆ. ನಾಲ್ಕು ಬೆರಳು ಬಿಟ್ರೆ ಮೈಗೆ ಕೂರ್ತದೆ, ಬೆಚ್ಚಗಿರ್ತದೆ. ಎರಡು ಸಲ ಒಗೆದ್ರೆ ಮಾತ್ರ ಒಳಗಿಂದೆಲ್ಲ ಮುದ್ದೆ. ಎಷ್ಟು ಒಗೆತ ಬಾಳ್ಬೇಕು ಹೇಳಿ ಅಮ್ಮಾ, ಆಮೇಲೆ ದಾರ ಪೋಣಿಸುವ.”

ಅಕ್ಕ ನನ್ನ ಕಡೆ ತಿರುಗಿದಳು. ಹಿಂದಿನ ದಿನವಷ್ಟೇ ನಾನು ಡಾಕ್ಟರನ್ನು ಕಂಡು ಬಂದಿದ್ದೆ.

“ಹೇಳು ಮಾರಾಯ. ಎಷ್ಟು ವರ್ಷಕ್ಕೆ ಬೇಕಾದೀತು?”

ಡಾಕ್ಟರು ಹೇಳಿದ್ದು ಒಂದೇ ಮಾತು: “ಈ ಸಲದ ಕಾಫಿ ಹೂವು ನೋಡಿದರೆ ಹೆಚ್ಚು.” ಅಕ್ಕನಿಗೆ ತಿಳಿಸಬೇಡಿ ಎಂದು ಅವರೇನೂ ಅಂದಿರಲಿಲ್ಲ. ಅದು ನನ್ನದೇ ಬುದ್ಧಿವಂತಿಕೆ.

“ಒಂದು ಬೆರಳೇ ಇರಲಿ ಅಕ್ಕಾ. ಹತ್ತು ವರ್ಷವಾದ್ರೂ ಬಾಳ್ಬೇಡವಾ?”

ಅಕ್ಕನ ಮುಖ ಅರಳಿತು. ನಿಂಗಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸೂಜಿಗೆ ದಾರ ಪೋಣಿಸಿ ಅಕ್ಕನ ಕೈಗೆ ಕೊಟ್ಟಳು.

ಹನ್ನೆರಡು ದಿನ ಹೊಲಿದಳು ನಮ್ಮಕ್ಕ. ಅಂಚಿನಿಂದ ಹೊರಟು ಸುತ್ತು ಸುತ್ತು ನಡುವಿಗೆ. ಕಣ್ಣಲ್ಲಿ ನೀರು ಬರುವವರೆಗೆ, ಬೆರಳ ತುದಿ ಒರಟಾಗುವವರೆಗೆ. ಮುಗಿದ ಕೌದಿಯನ್ನು ಭಾವನ ಮಡಿಲಿಗೆ ಹಾಸಿದಾಗ ಅದು ಬಾಗಲಿಲ್ಲ. ಹಾಗೇ ನಿಂತಿತು.

“ಏನೇ ಇದು, ಕೌದಿಯೋ ಕದವೋ?” ಎಂದರು ಭಾವ.

“ಕದವೇ ಅನ್ನಿ. ಹತ್ತು ವರ್ಷ ಅಲ್ಲಾಡಲ್ಲ.”

“ಹಾಗಾದ್ರೆ ನನಗಿಂತ ಗಟ್ಟಿ ಬಿಡು.”

“ಬಾಯ್ಮುಚ್ಕೊಂಡು ಕೂತ್ಕೊಳ್ಳಿ,” ಎಂದು ಗದರಿ ಅಕ್ಕ ನಕ್ಕಳು. ಭಾವ ನಕ್ಕರು. ನಾನೂ ನಕ್ಕೆ! ಮೂವರಲ್ಲಿ ಇಬ್ಬರಾದರೂ ಸುಳ್ಳು ನಗು ನಗುತ್ತಿದ್ದೆವು.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ಅಕ್ಕ ಕಾಲಿಗೆ ಎಣ್ಣೆ ನೀವಲೆಂದು ಬಗ್ಗಿ ಕೌದಿ ಎತ್ತಿದಳು. ಅದರಡಿಯಲ್ಲಿ, ನಾಲ್ಕು ಮಡಿಕೆಯಾಗಿ, ಒಂದು ಹಳೇ ಗೋಣಿಚೀಲ. ಪಾರ್ಚ್‌ಮೆಂಟ್ ಕಾಫಿಬೀಜ ತುಂಬುವ ಚೀಲ. ಮೇಸ್ತ್ರಿಗೆ ಹೇಳಿ ತರಿಸಿಕೊಂಡಿದ್ದರಂತೆ.

“ಇದೆಂತ?” ಎಂದಳು ಅಕ್ಕ.

ಭಾವ ಕದ್ದು ಸಿಕ್ಕಿಬಿದ್ದವರ ಹಾಗೆ ಕಿಟಕಿಯ ಕಡೆ ನೋಡಿದರು. “ಎರಡೂ ಬದಿಯಿಂದ ಗಾಳಿ ನುಗ್ತದೆ ಕಣೇ.”

“ಮೊದ್ಲೇ ಹೇಳೋದಲ್ವಾ? ಒಂದಷ್ಟು ಸಾಲು ಬಿಚ್ಚಿ ಮೆತ್ತಗೆ ಮಾಡ್ತಿದ್ದೆ.”

“ಹತ್ತು ವರ್ಷಕ್ಕೆ ಅಂತ ಅಷ್ಟು ಆಸೆಯಿಂದ ಹೊಲಿದಿದ್ದೀಯ. ಬಿಚ್ಚು ಅಂತ ಹೆಂಗೇ ಹೇಳ್ಲಿ?”

ಅಕ್ಕ ಅವರನ್ನು ನೋಡಿದಳು. ಆಮೇಲೆ ನನ್ನನ್ನು. ಕೌದಿಯನ್ನು ಮತ್ತೆ ಅವರ ಮಡಿಲಿಗೆ ಹಾಸಿ ಅಡಿಗೆಮನೆಗೆ ನಡೆದಳು. ನಾನು ಹಿಂದೆಯೇ ಹೋದೆ.

“ಅವತ್ತು ಡಾಕ್ಟ್ರು ಎಂತ ಹೇಳಿದ್ರು?”

ನಾನು ಬಗ್ಗಿ ಒಲೆಯ ಕೊಳ್ಳಿಯನ್ನು ಮುಂದಕ್ಕೆ ತಳ್ಳಿದೆ.

“ಬಾಯಲ್ಲಿ ಹೇಳಕ್ಕಾಗದಿದ್ರೆ ಬಿಡು. ಎಷ್ಟು ಬೆರಳು ಅಂತ ತೋರ್ಸು.”

ನಾಲ್ಕು ಬೆರಳೆತ್ತಿದೆ.

ಅಳುತ್ತಾಳೆ, ಕುಸಿಯುತ್ತಾಳೆ, ನಾನು ಹಿಡಿದುಕೊಳ್ಳಬೇಕು ಎಂದು ಸಿದ್ಧನಾಗಿದ್ದೆ. ಅವಳು ಹೋಗಿ ಸೂಜಿ ತಂದಳು. ಭಾವನ ಕಾಲ ಬಳಿ ಮಣೆ ಹಾಕಿಕೊಂಡು ಕೂತು, ಕೌದಿ ಅವರ ಮಡಿಲ ಮೇಲಿರುವಂತೆಯೇ ಒಂದೊಂದೇ ಸಾಲು ಕೀಳತೊಡಗಿದಳು. ಮೂರು ಸಾಲು ಕೀಳುವುದು, ಒಂದು ಬಿಡುವುದು. ನಿಂಗಮ್ಮನ ಲೆಕ್ಕವನ್ನು ಅವತ್ತು ಈಸಿಚೇರಿನಿಂದಲೇ ಕೇಳಿದ್ದ ಭಾವ, ಉಳಿದ ಸಾಲುಗಳ ನಡುವೆ ಬೆರಳಿಟ್ಟು ನೋಡಿದರು.

“ನಾಲ್ಕು ಬೆರಳಾ?” ಎಂದರು ಕೊನೆಗೆ.

“ಹ್ಞೂಂ. ನಾಲ್ಕು.”

“ಸರಿ ಬಿಡು,” ಎಂದು ಅವಳ ತಲೆಯ ಮೇಲೆ ಕೈಯಿಟ್ಟರು.

ಅಲ್ಲಿಂದ ಒಂಬತ್ತು ದಿನ. ಕೌದಿ ಮೊಣಕಾಲನ್ನು ತಬ್ಬಿಕೊಂಡು ಕೂತಿತು. ಗೋಣಿಚೀಲ ಉಗ್ರಾಣಕ್ಕೆ ಹೋಯಿತು. ಆ ಒಂಬತ್ತು ದಿನ ಗಂಡ ಹೆಂಡತಿ ಆಡಿದ ಮಾತು! “ಒಬ್ಬಳೇ ಇಲ್ಲಿರಬೇಡ, ತಮ್ಮನ ಮನೆಗೆ ಹೋಗು,” ಎಂದರಂತೆ. ಕೈಗೂಸಾಗಿದ್ದಾಗಲೇ ತೀರಿಕೊಂಡ ಒಂದೇ ಮಗುವಿನ ಹೆಸರನ್ನು ಎಷ್ಟೋ ವರ್ಷದ ಮೇಲೆ ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡರಂತೆ. ಒಂದು ಮಧ್ಯಾಹ್ನವಂತೂ ಭಾವ, “ಇಪ್ಪತ್ತೆರಡು ವರ್ಷದಿಂದ ಹೇಳ್ಬೇಕು ಅಂತಿದ್ದೆ. ನಿನ್ನ ಪತ್ರೊಡೆ ನಂಗೆ ಸೇರೋದೇ ಇಲ್ಲ ಕಣೇ,” ಎಂದುಬಿಟ್ಟರು. ಅಕ್ಕ ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಆವತ್ತು ಮೊದಲ ಸಲ ಅತ್ತಳು.

ಕಾಫಿ ಹೂ ಅರಳಿಸುವ ಮಳೆ ಬೀಳುವ ಮೊದಲೇ ಭಾವ ಹೋದರು. ಕೌದಿಯನ್ನು ಒಂದು ಸಲವೂ ಒಗೆಯಬೇಕಾಗಿ ಬರಲಿಲ್ಲ.

ಅಕ್ಕ ಈಗ ನಮ್ಮಲ್ಲೇ ಇದ್ದಾಳೆ. ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಪ್ರತಿ ಮನೆಯಲ್ಲೂ ನನ್ನಂಥ ಒಬ್ಬ ಇರುತ್ತಾನೆ. ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಬಂದು, “ಹೆಂಗಸರು, ತಡ್ಕೊಳ್ಳಲ್ಲ” ಎಂದು ಮಾತನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಳ್ಳುವವನು. ತಡೆದುಕೊಳ್ಳಲಾಗದೆ ಇದ್ದದ್ದು ಯಾರಿಗೆ ಎಂದು ಈಗ ನನಗೆ ಚೆನ್ನಾಗಿ ಗೊತ್ತಿದೆ.

ಗೊತ್ತಿಲ್ಲದ್ದು ಒಂದೇ: ನಾನು ಬಾಯಿ ಬಿಟ್ಟಿದ್ದರೆ, ಆ ಒಂಬತ್ತು ದಿನಕ್ಕೆ ಮುಂಚಿನ ಮೂರು ವಾರ ಅವರಿಬ್ಬರೂ ಏನೇನು ಮಾತಾಡಿಕೊಳ್ಳುತ್ತಿದ್ದರೋ?