ನಾನು ತಿದ್ದಿ ಓದಿದ ಕಾದಂಬರಿ

ಮಗಳು ಬಾಣಂತನಕ್ಕೆಂದು ಬಂದು ಒಂದು ತಿಂಗಳಾಯಿತು. ಮಗುವಿಗೆ ತೇದು ನೆಕ್ಕಿಸಲು ಬಜೆ ಬೇಕೆಂದು ಮೊನ್ನೆ ಅಂಗಡಿಯಿಂದ ತರಿಸಿದೆವು. ಪೊಟ್ಟಣ ಬಿಚ್ಚಿದ ಕೂಡಲೇ ಬಂದ ಆ ಖಾರದ ಪರಿಮಳ ಬೇರೆಯವರಿಗೆ ಎಳೆಗೂಸುಗಳ ನೆನಪು ತಂದೀತು. ನನಗೆ ಮಾತ್ರ ಒಂದು ಇಂಗ್ಲಿಷ್ ಕಾದಂಬರಿಯ ನೆನಪು ಬಂತು. ನಗಬೇಡಿ. ನನ್ನ ಸೋದರಮಾವ ತಮ್ಮ ಪುಸ್ತಕದ ಕಪಾಟಿನಲ್ಲಿ ಹುಳ ಹಿಡಿಯದಿರಲೆಂದು ಮೂಲೆಮೂಲೆಗೂ ಬಜೆಯ ತುಂಡು ಇಡುತ್ತಿದ್ದರು. ಹಾಗಾಗಿ ಇಂಗ್ಲೆಂಡಿನ ಹಿಮ, ಪಾದ್ರಿಯ ಮನೆಯ ಅಗ್ಗಿಷ್ಟಿಕೆ, ಜಮೀನ್ದಾರನ ಕುದುರೆಗಾಡಿ ಎಲ್ಲಕ್ಕೂ ನನ್ನ ಮೂಗಿನಲ್ಲಿ ಒಂದೇ ವಾಸನೆ. ಮುಂದೆ ಇಪ್ಪತ್ತು ಚಿಲ್ಲರೆ ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದರೂ ಆ ವಾಸನೆ ಬಿಟ್ಟುಹೋಗಲಿಲ್ಲ.

ನಾನು ಹೇಳುತ್ತಿರುವುದು ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ಮಂಗಳೂರಿನ ಫಳ್ನೀರಿನ ಒಂದು ಓಣಿಯಲ್ಲಿ ನಮ್ಮ ಮನೆ. ನಾವು ತುಳುವರು, ನಮ್ಮಲ್ಲಿ ವಂಶ ತಾಯಿಯ ಕಡೆಯಿಂದ. ಆದ್ದರಿಂದ ಮನೆಯಲ್ಲಿ ಕೊನೆಯ ಮಾತು ಮಾವನದು. ಅಪ್ಪ ನಾನು ಚಿಕ್ಕವಳಿರುವಾಗಲೇ ತೀರಿಹೋಗಿದ್ದರು. ಮಾವನ ಹೆಂಡತಿಯೂ ಇರಲಿಲ್ಲ. ಮಾವ, ಅಮ್ಮ, ನಾನು, ಮೂವರೇ. ಮಾವ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ದೊರೆಗಳ ತೀರ್ಪುಗಳನ್ನು ನಕಲು ಮಾಡಿ ಮಾಡಿ ಅವರಿಗೆ ಇಂಗ್ಲಿಷ್ ವಾಕ್ಯದ ನಡಿಗೆ ಮೈಗೆ ಹತ್ತಿತ್ತು. ವಾಕ್ಯ ಎಲ್ಲಾದರೂ ಕುಂಟಿದರೆ ಸಾರಿನಲ್ಲಿ ಕಲ್ಲು ಸಿಕ್ಕಿದವರ ಹಾಗೆ ಮುಖ ಮಾಡುತ್ತಿದ್ದರು.

ಊರಿಗೆ ಹೊರಟ ಒಬ್ಬ ದೊರೆಯ ಸಾಮಾನು ಹರಾಜಾದಾಗ ಮಾವ ಎರಡು ವಸ್ತು ಕೊಂಡು ತಂದಿದ್ದರು. ಒಂದು, ಟೋಪಿ ನೇತುಹಾಕುವ ಕಂಬ. ನಮ್ಮ ಮನೆಯಲ್ಲಿ ಟೋಪಿ ಇರಲಿಲ್ಲ. ಅಮ್ಮ ಅದಕ್ಕೆ ಒಣಮೆಣಸಿನ ಚೀಲ ಕಟ್ಟಿದಳು. ಇನ್ನೊಂದು, ಕಂದು ತೊಗಲಿನ ರಟ್ಟಿನ ಒಂದು ದಪ್ಪ ಕಾದಂಬರಿ, ಹಿಂದಿನ ಶತಮಾನದ್ದು. ನಿವೃತ್ತಿಯಾದ ಮೇಲೆ ಆರಾಮದಲ್ಲಿ ಓದುತ್ತೇನೆಂದು ಇಟ್ಟುಕೊಂಡಿದ್ದರು. ನಿವೃತ್ತಿಯೂ ಬಂತು, ಅದರ ಹಿಂದೆಯೇ ಎರಡೂ ಕಣ್ಣಿಗೆ ಪೊರೆಯೂ ಬಂತು. ಕೈ ಬೀಸಿದರೆ ಗೊತ್ತಾಗುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ.

ಹೀಗಾಗಿ ಓದುವ ಕೆಲಸ ನನಗೆ ಬಂತು. ನಾನು ಆಗ ಕಾನ್ವೆಂಟ್ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಹದಿನೆಂಟು ತುಂಬಿ, ಕಾಲೇಜಿಗೆ ಸೇರುವ ಆಸೆ ಇಟ್ಟುಕೊಂಡು ಮನೆಯಲ್ಲಿದ್ದೆ. ದಿನಾ ಮೂರು ಗಂಟೆಗೆ ಕಾಫಿ ಕುಡಿದು ಮಾವ ಚಾವಡಿಯ ಆರಾಮಕುರ್ಚಿಯಲ್ಲಿ ಒರಗುತ್ತಿದ್ದರು. ನಾನು ಹೊಸ್ತಿಲ ಬಳಿ ಕೂತು ಐದರವರೆಗೆ ಓದುತ್ತಿದ್ದೆ. ಮೊದಲ ವಾರ ನನಗೆ ಅದು ಶಿಕ್ಷೆಯೇ ಆಗಿತ್ತು. ಆ ಲೇಖಕನಿಗೆ ಒಂದು ಬೆಟ್ಟ ಕಂಡರೆ ಮೂರು ಪುಟ ಬೇಕು. ನಾನು ಉಪಾಯವಾಗಿ ಎರಡು ಹಾಳೆ ಒಟ್ಟಿಗೆ ತಿರುಗಿಸಿದೆ.

"ಹಿಂದೆ ಹೋಗು," ಎಂದರು ಮಾವ. "ಎರಡು ಹಾಳೆ ತಿರುಗಿತು. ಶಬ್ದ ದಪ್ಪ ಉಂಟು."

ಎರಡನೆಯ ವಾರಕ್ಕೆ ಹುಚ್ಚು ಹಿಡಿಯಿತು. ಕಥೆಯಲ್ಲಿ ಲಿಲಿಯನ್ ಎಂಬ ಬಡ ಪಾದ್ರಿಯ ಮಗಳು. ಬೇಲಿಯಾಚೆ ದೊಡ್ಡ ಜಮೀನ್ದಾರ, ವಯಸ್ಸು ಸ್ವಲ್ಪ ಮೀರಿದವನು, ವಿಧುರ. ಮಧ್ಯಾಹ್ನ ಊಟವಾದ ಮೇಲೆ ಮಾವ ಮಲಗಿದಾಗ ಮುಂದಿನ ಅಧ್ಯಾಯವನ್ನು ಕಳ್ಳತನದಲ್ಲಿ ಓದಿ, ಮೂರು ಗಂಟೆಗೆ ಏನೂ ತಿಳಿಯದವಳ ಹಾಗೆ ಓದಿ ಹೇಳುತ್ತಿದ್ದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಹೂವು ಕಟ್ಟಲು, ಬೇಳೆ ಆರಿಸಲು ಆ ಹೊತ್ತಿಗೇ ಚಾವಡಿಗೆ ಬರುತ್ತಿದ್ದಳು. ಒಂದೊಂದು ಪುಟಕ್ಕೂ ತುಳುವಿನಲ್ಲಿ ಸಾರಾಂಶ ಹೇಳಬೇಕು. ಲಿಲಿಯನ್ ಅವಳ ಬಾಯಲ್ಲಿ ಲೀಲಾ ಆದಳು.

"ಅವರು ಊಟ ಆದ ಮೇಲೆ ತಿಂದದ್ದು ಎಂತದು?"

"ಪುಡ್ಡಿಂಗ್ ಅಮ್ಮ. ನಮ್ಮ ಮಣ್ಣಿಯ ಹಾಗೆ."

"ದಿನಾ ಮಣ್ಣಿಯಾ?" ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಅಷ್ಟು ಚಳಿ, ಹಿಮ ಅಂತೀಯಲ್ಲ, ಆ ಲೀಲಾ ಬಟ್ಟೆ ಒಣಗಿಸುದು ಎಲ್ಲಿ?" ಎಂದಳು.

ಎಂಟುನೂರು ಪುಟದಲ್ಲಿ ಲೇಖಕ ಒಮ್ಮೆಯೂ ಆ ವಿಷಯ ಎತ್ತಿರಲಿಲ್ಲ. ಮಾವ ಗಂಭೀರವಾಗಿ, "ಅವಳಿಗೆ ಕೆಲಸದವಳಿದ್ದಾಳೆ," ಎಂದು ತೀರ್ಪು ಕೊಟ್ಟರು.

ಪುಸ್ತಕ ಅರ್ಧಕ್ಕೆ ಬಂದಿರುವಾಗ ನನಗೆ ಒಂದು ಸಂಬಂಧ ಬಂತು. ತಂದವರು ಮಾವನ ಹಳೆಯ ಸ್ನೇಹಿತ, ಒಬ್ಬ ವಕೀಲರು. ಅವರು ದಿನಾ ಸಂಜೆ ಐದಕ್ಕೆ ಬಂದು, ಕಣ್ಣು ಕಾಣದ ಮಾವನ ಮೊಣಕೈ ಹಿಡಿದು ಬಾವುಟಗುಡ್ಡೆಯವರೆಗೆ ನಡೆಸಿಕೊಂಡು ಹೋಗಿ, ಬೆಂಗ್ರೆಯಾಚೆಯ ಕಡಲಿನಲ್ಲಿ ಸೂರ್ಯ ಮುಳುಗಿದ್ದನ್ನು ಬಾಯಲ್ಲೇ ವರ್ಣಿಸಿ ಕರೆತರುತ್ತಿದ್ದರು. ಹುಡುಗ ಅವರ ಸ್ವಂತ ಅಳಿಯ, ಅಕ್ಕನ ಮಗ, ಸುರತ್ಕಲ್ ಕಡೆ ದೊಡ್ಡ ಜಮೀನು. ಹುಡುಗ ಎಂದು ಎಲ್ಲರೂ ಕರೆಯುತ್ತಿದ್ದರು. ಅವರಿಗೆ ಮೂವತ್ತೊಂಬತ್ತು, ಮೊದಲ ಹೆಂಡತಿ ತೀರಿಹೋಗಿದ್ದರು. ನೋಡಲು ಬಂದವರು ಕೆಟ್ಟವರೇನಲ್ಲ. ಅವಲಕ್ಕಿ ತಿಂದರು, ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು, ಮಾವನ ಕಡೆ ತಿರುಗಿ, "ಇನ್ನು ಇದೆಲ್ಲ ಓದುದು ಎಂತಕ್ಕೆ?" ಎಂದು ನಗುತ್ತಾ ಕೇಳಿದರು. ಮಾವನೂ ನಕ್ಕರು. ವಕೀಲರಿಗೆ ಮಾತು ಕೊಟ್ಟೇಬಿಟ್ಟರು.

ನನ್ನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಕದ್ದು ಓದಿದ ಅಧ್ಯಾಯದಲ್ಲಿ ಜಮೀನ್ದಾರ ಲಿಲಿಯನ್‌ಳನ್ನು ತೋಟದಲ್ಲಿ ನಿಲ್ಲಿಸಿ ಮದುವೆಯ ಮಾತು ಆಡಿದ. ಅವಳು ಒಂದು ಪುಟ ಅತ್ತು, ಎರಡನೆಯ ಪುಟದಲ್ಲಿ ಒಪ್ಪಿದಳು. ಮೂರು ಗಂಟೆಗೆ ಇದನ್ನು ಓದಿದರೆ ಮಾವ ಎಂತ ಹೇಳುತ್ತಾರೆಂದು ನನಗೆ ಗೊತ್ತಿತ್ತು. "ನೋಡು, ಬುದ್ಧಿವಂತ ಹುಡುಗಿ," ಎನ್ನುತ್ತಾರೆ. ಅಮ್ಮ ತಲೆಯಾಡಿಸುತ್ತಾಳೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ನಾನು ಆ ಪುಟ ತೆರೆದೆ, ಬೆರಳಿಟ್ಟೆ, ಅದರಲ್ಲಿಲ್ಲದ್ದನ್ನು ಓದತೊಡಗಿದೆ. ತಾವು ಮಾಡಿದ ಗೌರವ ದೊಡ್ಡದು, ಆದರೆ ನನಗೆ ಮದುವೆ ಬೇಡ, ನಾನು ಕಾಲೇಜಿಗೆ ಸೇರಬೇಕೆಂದಿದ್ದೇನೆ ಎಂದು ಲಿಲಿಯನ್ ಜಮೀನ್ದಾರನಿಗೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು.

ಮಾವ ತಲೆ ಎತ್ತಿದರು. "ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ಕಾಲೇಜು ಇತ್ತಾ?"

"ಪುಸ್ತಕದಲ್ಲಿ ಉಂಟು ಮಾವ."

"ಹಾಗಾದ್ರೆ ಸರಿ," ಎಂದು ಮತ್ತೆ ಒರಗಿದರು.

ಸುಳ್ಳು ಓದುವುದು ಎಷ್ಟು ಕಷ್ಟವೆಂದು ನನಗೆ ಮರುದಿನ ತಿಳಿಯಿತು. ಪುಸ್ತಕದಲ್ಲಿ ಲಿಲಿಯನ್ ಜಮೀನ್ದಾರನ ಮನೆ ಸೇರಿ ಅಲ್ಲಿ ಚಹಾ ಬಗ್ಗಿಸುತ್ತಿದ್ದಾಳೆ. ನಾನು ಅವಳನ್ನು ಆ ಮನೆಯ ಮಕ್ಕಳಿಗೆ ಪಾಠ ಹೇಳಲು ಹೋದವಳೆಂದು ಮಾಡಿದೆ. ಮೂರನೆಯ ದಿನ ಅವಳು ಗಂಡನ ತೋಳು ಹಿಡಿದು ಇಗರ್ಜಿಗೆ ಹೋದಳು. ನಾನು ಅವಳ ಕಾಲು ಉಳುಕಿಸಿದೆ. ಐದನೆಯ ದಿನ ಲೇಖಕ ಯಾವ ಮುನ್ಸೂಚನೆಯೂ ಇಲ್ಲದೆ ಒಂದು ಮಗುವನ್ನು ತಂದಿಟ್ಟ. ನಾನು ಬೆವರಿದೆ.

"ಯಾರ ಮಗು ಅದು?" ಎಂದಳು ಅಮ್ಮ.

"ಜಮೀನ್ದಾರನ ತಂಗಿಯದು."

"ಅವನಿಗೆ ತಂಗಿ ಇರ್ಲಿಲ್ಲ ಮಾರಾಯ್ತಿ."

"ದೂರದ ತಂಗಿ."

ಹತ್ತು ದಿನ ಹೀಗೆಯೇ ನಡೆಯಿತು. ಒಂದು ಕಣ್ಣು ಅಚ್ಚಿನ ಮೇಲೆ, ಇನ್ನೊಂದು ಮಾವನ ಮುಖದ ಮೇಲೆ. ಹತ್ತನೆಯ ದಿನ ಮಾವ ಅಮ್ಮನಿಗೆ ಇನ್ನೊಂದು ಲೋಟ ಕಾಫಿ ಬೇಕೆಂದರು. ಅವಳು ಒಳಗೆ ಹೋದ ಮೇಲೆ ನಿಧಾನವಾಗಿ ಹೇಳಿದರು:

"ಈ ಲೇಖಕನ ಇಂಗ್ಲಿಷ್ ಮೊದಲು ಚೊಕ್ಕ ಇತ್ತು. ಲಿಲಿಯನ್ ಬೇಡ ಹೇಳಿದ ದಿನದಿಂದ ಅವನಿಗೆ ಎಂತ ಆಯಿತೋ ಗೊತ್ತಿಲ್ಲ. ಭೂತಕಾಲ ತಪ್ಪುತ್ತಾನೆ. ನಿನ್ನೆ ಒಂದೇ ದಿನ ಹನ್ನೊಂದು ತಪ್ಪು ಮಾಡಿದ್ದಾನೆ."

ನಾನು ಪುಸ್ತಕ ಮುಚ್ಚಿದೆ.

"ನಿನಗೆ ಈ ಸಂಬಂಧ ಬೇಡವಾ ಮಗಾ?"

"ಬೇಡ ಮಾವ. ನನಗೆ ಓದ್ಬೇಕು."

"ಬಾಯಿ ಉಂಟಲ್ಲ ನಿನಗೆ. ಹೇಳ್ಬಹುದಿತ್ತು."

"ಹೇಳಿದ್ರೆ ನೀವು ಕೇಳ್ತಿದ್ರಾ?"

ಮಾವ ಕಾಣದ ಕಣ್ಣುಗಳನ್ನು ಅಂಗಳದ ಕಡೆ ತಿರುಗಿಸಿ ಕೂತಿದ್ದರು. ಕೊನೆಗೆ, "ಇಲ್ಲ. ಕೇಳ್ತಿರಲಿಲ್ಲ," ಎಂದರು. ಮೂವತ್ತು ವರ್ಷ ಬೇರೆಯವರ ಸಾಕ್ಷಿ ಬರೆದುಕೊಂಡವರು ತಮ್ಮ ವಿರುದ್ಧ ತಾವೇ ಸಾಕ್ಷಿ ನುಡಿದದ್ದನ್ನು ನಾನು ಅದೊಂದು ಸಲವೇ ಕೇಳಿದ್ದು. ಆಮೇಲೆ ಕಾಗದ, ಶಾಯಿ ತರಲು ಹೇಳಿದರು. ವಕೀಲರಿಗೆ ಪತ್ರ. ಕೊಟ್ಟ ಮಾತು ಹಿಂತೆಗೆದುಕೊಳ್ಳುತ್ತಿದ್ದೇನೆ, ತಪ್ಪು ನನ್ನದು, ಹುಡುಗಿಯದಲ್ಲ ಎಂದು ಬರೆಸಿದರು. ಬರೆಯಲು ಶುರುಮಾಡುವ ಮೊದಲು ಒಂದು ಎಚ್ಚರಿಕೆ ಕೊಟ್ಟರು.

"ಇದರಲ್ಲಿ ನಾನು ಹೇಳಿದ್ದನ್ನು ಮಾತ್ರ ಬರಿ."

ಮರುದಿನ ಮೂರು ಗಂಟೆಗೆ ಆ ತೋಟದ ಅಧ್ಯಾಯವನ್ನೇ ಮತ್ತೆ ಓದಿಸಿದರು, ಈ ಸಲ ಅಚ್ಚಿನಲ್ಲಿದ್ದ ಹಾಗೆ. ಅಮ್ಮನಿಗೆ ತುಳುವಿನಲ್ಲಿ ಹೇಳುವಾಗ ನನಗೆ ನಾಚಿಕೆಯಾಯಿತು. ಅವಳು ಬೇಳೆಯ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ಅಷ್ಟು ಚಂದ ಮಾಡಿ ಬೇಡ ಹೇಳಿದವಳು ಈಗ ಹೂಂ ಹೇಳಿದ್ಲಾ? ನನಗೆ ಮೊದಲಿನ ಲೀಲಾಳೇ ಸಾಕು."

ಆ ವರ್ಷ ನಾನು ಕಾಲೇಜು ಸೇರಿದೆ. ಮಾವನೇ ಬಂದು ಸೇರಿಸಿದರು. ಮುಂದೆ ಓದು, ಕೆಲಸ, ಮದುವೆ ಎಲ್ಲವೂ ಅದರದರ ಹೊತ್ತಿಗೆ ಆಯಿತು. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ನೆನಪಿಲ್ಲ. ವಿದ್ಯಾರ್ಥಿಗಳಿಗೆ ಭೂತಕಾಲದ ಪಾಠ ಹೇಳುವಾಗಂತೂ ತಪ್ಪದೆ ಹೇಳುತ್ತಿದ್ದೆ. ಪ್ರತಿ ಸಲವೂ ಅಮ್ಮನ ಆ ಮಾತಿಗೆ ನಿಲ್ಲಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು, ನಾನು ಎಷ್ಟು ಜಾಣೆಯಾಗಿದ್ದೆ ಎಂದು ನನಗೂ ಖುಷಿಯಾಗುತ್ತಿತ್ತು.

ಮೊನ್ನೆ ಮಗಳಿಗೂ ಹೇಳಿದೆ. ಅವಳೂ ನಕ್ಕಳು. ಆಮೇಲೆ ಮಗುವನ್ನು ಭುಜಕ್ಕೆ ಹಾಕಿ ಬೆನ್ನು ತಟ್ಟುತ್ತಾ ಕೇಳಿದಳು, "ಆ ವಕೀಲರು ಮತ್ತೆ ಬಂದ್ರಾ ಅಮ್ಮ, ಅಜ್ಜನನ್ನು ನಡೆಸಿಕೊಂಡು ಹೋಗ್ಲಿಕ್ಕೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ನಾನೂ ಕೇಳಿಕೊಂಡಿರಲಿಲ್ಲ.

ಬರಲಿಲ್ಲ. ಪತ್ರ ಹೋದ ಮೇಲೆ ಅವರು ನಮ್ಮ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಲ್ಲ. ನನಗೆ ನೆನಪಿರುವುದು ಬೇರೆ. ಅಲ್ಲಿಯವರೆಗೆ ಐದು ಗಂಟೆಗೆ ಪುಸ್ತಕ ಮುಚ್ಚುತ್ತಿದ್ದ ಮಾವ ಆಮೇಲೆ ದಿನಾ ಐದಕ್ಕೆ, "ಇನ್ನೊಂದು ಅಧ್ಯಾಯ ಓದು ಮಗಾ," ಎನ್ನತೊಡಗಿದರು. ಅದು ಮುಗಿದರೆ ಇನ್ನೊಂದು. ದೀಪ ಹಚ್ಚುವವರೆಗೂ ಓದು. ನನ್ನ ಹುಚ್ಚು ಮಾವನಿಗೂ ಹಿಡಿಯಿತೆಂದು ನಾನು ಎಷ್ಟು ಹಿಗ್ಗಿದ್ದೆ. ಏಪ್ರಿಲಿನ ಬಿಸು ಹಬ್ಬದವರೆಗೆ ಬಂದೀತು ಎಂದುಕೊಂಡಿದ್ದ ಪುಸ್ತಕ ಶಿವರಾತ್ರಿಗಿಂತ ಮೊದಲೇ ಮುಗಿದುಹೋಯಿತು. "ಇಷ್ಟು ಬೇಗವಾ?" ಎಂದು ಮಾವ ಕೇಳಿದಾಗ ನಾನು ನಕ್ಕು, ಕಪಾಟಿನಿಂದ ಇನ್ನೊಂದು ಪುಸ್ತಕ ತಂದು ಕೂತೆ. ಬನ್ನಿ ಮಾವ, ಗುಡ್ಡೆಯವರೆಗೆ ನಾನು ಕರಕೊಂಡು ಹೋಗ್ತೇನೆ ಎಂದು ಹೇಳಬೇಕೆಂದು ಒಂದು ದಿನವೂ ಹೊಳೆಯಲಿಲ್ಲ. ಪುಸ್ತಕ ಅಷ್ಟು ಚೆನ್ನಾಗಿತ್ತು.

"ಇಲ್ಲ," ಎಂದೆ ಮಗಳಿಗೆ, "ಬರ್ಲಿಲ್ಲ."

ಅವಳು ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿ, "ಹಾಗಾದ್ರೆ ಅದನ್ನೂ ಸೇರಿಸಿ ಹೇಳ್ಬೇಕು ನೀನು," ಎಂದಳು.

ಸೇರಿಸಿ ಹೇಳಿದ್ದು ನಿಮಗೇ ಮೊದಲು.